ಪಾಚಿಕುಲಾಂತಕ ಮಾರ್ತಾಂಡಪ್ಪನ ಜಲಯಂತ್ರ ವಿಜಯ

ತಾಯೇ ವಾಗ್ದೇವಿ, ಈ ಬಡಗಂಟಲಿಗೆ ಘಂಟಾನಾದವನ್ನು ದಯಪಾಲಿಸು. ಧನುರ್ಬಾಣಗಳು ತುಕ್ಕು ಹಿಡಿದು, ಅನ್ಯರು ಬಳಸಿ ಬಿಟ್ಟ ಯಂತ್ರವನ್ನು ಅಗ್ಗಕ್ಕೆ ಗೆದ್ದು ತರುವುದೇ ದಿಗ್ವಿಜಯವೆನಿಸಿದ ಈ ಕಲಿಯುಗದಲ್ಲಿ, ರಾಣೇಬೆನ್ನೂರಿನ ಬೀಜದಂಗಡಿಯ ಒಡೆಯನೂ ವಿಶಾಲೋದರನೂ ಶೀಘ್ರಪ್ರತಿಜ್ಞನೂ ಆದ ಮಾರ್ತಾಂಡಪ್ಪ ಹೊಸಮನಿಯು ಒಂದು ಭಾನುವಾರ ನಡೆಸಿದ ಮಹಾಸಮರವನ್ನು ನಾನೀಗ ಹೇಳಬೇಕಾಗಿದೆ.

ಸಮರಕ್ಕೆ ಕಾರಣ ಪಾಚಿ. ಅಂಗಳದ ಹಾಸುಗಲ್ಲುಗಳ ಮೇಲೆ ಮರಕತಕಂಬಳದಂತೆ ಹಬ್ಬಿದ್ದ ಆ ವೈರಿಯನ್ನು ತೊಲಗಿಸಿರೆಂದು ಪತ್ನಿ ಶಿವಗಂಗಾ ಶ್ರಾವಣದಿಂದಲೂ ಬೇಡಿದ್ದಳು; ವೀರನು ‘ನಾಳೆ’ ಎಂಬ ದಿವ್ಯಾಸ್ತ್ರದಿಂದ ಆ ಬೇಡಿಕೆಯನ್ನು ತಡೆಯುತ್ತಲೇ ಬಂದಿದ್ದ. ಕಡೆಗೊಂದು ಬೆಳಿಗ್ಗೆ, ಅವನು ಮರೆತು ಹೊರಟ ಊಟದ ಡಬ್ಬಿಯನ್ನು ಹಿಡಿದು ಬೆನ್ನ ಹಿಂದೆ ಓಡಿಬಂದ ಅತ್ತೆ ಚೆನ್ನಬಸವ್ವ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ದವಾಖಾನೆಯಲ್ಲಿ ಆಕೆ ಕೇಳಿದ ಮೊದಲ ಮಾತು, “ಅಳಿಯಂದ್ರು ಉಂಡ್ರೇನು?”

ವೀರನ ಎದೆ ಹಿಂಡಿತು. ಭಾನುವಾರ ಮಧ್ಯಾಹ್ನ ಆಕೆ ಮನೆಗೆ ಮರಳುವುದರೊಳಗೆ ಪಾಚಿಕುಲವನ್ನೇ ನಿರ್ಮೂಲ ಮಾಡುವೆನೆಂದು ಪಣ ತೊಟ್ಟ. ಅದಕ್ಕೊಂದು ಬ್ರಷ್ಷು ಸಾಕಿತ್ತು. ಆದರೆ ಮಹಾಪಶ್ಚಾತ್ತಾಪಕ್ಕೆ ಮಹಾಯುಧವೇ ಬೇಕಲ್ಲವೆ? ಮುಚ್ಚಿಹೋದ ಗಾಡಿ ತೊಳೆಯುವ ಅಂಗಡಿಯೊಂದರಿಂದ, ಪೆಟ್ರೋಲು ಕುಡಿದು ನೀರನ್ನು ಶರವರ್ಷದಂತೆ ಉಗುಳುವ ಪ್ರೆಶರ್ ವಾಷರನ್ನು ಹೊತ್ತು ತಂದ.

ಭಾನುವಾರ ಬೆಳಗಾಯಿತು. ಮಾರ್ತಾಂಡಪ್ಪನು ಲುಂಗಿಯನ್ನು ಮೇಲೆತ್ತಿ ಕಟ್ಟಿ, ಯಂತ್ರದ ಹಗ್ಗವನ್ನು ಸಮುದ್ರಮಥನದ ವಾಸುಕಿಯಂತೆ ಸೆಳೆದ. ಯಂತ್ರ ಒಮ್ಮೆ ಸೀನಿ ಸುಮ್ಮನಾಯಿತು. ಮತ್ತೆ ಸೆಳೆದ. ಸೀನಲೂ ಇಲ್ಲ.

ಚಹಾದ ಕಪ್ಪು ಹಿಡಿದು ಗೋಡೆಯಾಚೆಯಿಂದ ಇಣುಕಿದ ನೆರೆಯ ರುದ್ರಗೌಡ ಕೆಣಕಿದ: “ಏನ್ರೀ ಹೊಸಮನ್ಯಾರ, ಜಗ್ಗಿದ್ದು ಸಾಕು, ಅದಕ್ಕ ಎತ್ತು ಹೂಡ್ರಿ!”

“ಗೌಡ್ರ, ನಗಬ್ಯಾಡ್ರಿ! ಹೊತ್ತು ನೆತ್ತಿಗೆ ಬರೂದ್ರಾಗ ಇದು ಗುಡುಗ್ತೈತಿ, ನಿಮ್ಮ ಮನಿ ಹಂಚೆಲ್ಲ ನಡಗ್ತಾವ!” ಎಂದು ವೀರ ಗರ್ಜಿಸಿದ.

ಬಳಿಕ ಪಾನಾ ಹಿಡಿದು ಯಂತ್ರದ ಉದರವನ್ನೇ ಬಿಚ್ಚಿದ. ಕಾರ್ಬ್ಯುರೇಟರಿನ ಒಳಗೆ ಹಳೆಯ ಪೆಟ್ರೋಲು ಜೋನಿಬೆಲ್ಲದಂತೆ ಅಂಟಿಕೊಂಡು, ಕೂದಲೆಳೆಯಷ್ಟು ಸಣ್ಣ ರಂಧ್ರವನ್ನು ಮುಚ್ಚಿಬಿಟ್ಟಿತ್ತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಶಿವಗಂಗಾ ಬ್ರಷ್ಷು ಹಿಡಿದು ಹೊರಬಂದಳು. “ಅವ್ವ ಬರೂ ಹೊತ್ತಾತು. ಸರೀರಿ, ನಾನರ ತಿಕ್ಕತೀನಿ.”

“ನೀ ತಿಕ್ಕಬ್ಯಾಡ,” ಎಂದ ಮಾರ್ತಾಂಡಪ್ಪ. ದನಿಯಲ್ಲಿ ಗರ್ಜನೆ ಇರಲಿಲ್ಲ. “ಅತ್ತಿ ಬಿದ್ದಿದ್ದು ನನ್ನಿಂದ. ನಾನ ತೊಳೀಬೇಕು.”

ಆಕೆ ಅವನನ್ನೊಮ್ಮೆ ನೋಡಿದಳು. ಬ್ರಷ್ಷನ್ನು ಕೆಳಗಿಟ್ಟು ಪಕ್ಕದಲ್ಲಿ ಕುಳಿತು, ಬಿಚ್ಚಿದ ಸ್ಕ್ರೂಗಳು ಉರುಳಿಹೋಗದಂತೆ ಸೆರಗೊಡ್ಡಿದಳು. ತಾಮ್ರದ ಎಳೆಯಿಂದ ಅವನು ರಂಧ್ರ ಚುಚ್ಚಿ ಊದಿದ. ಒಂದೊಂದೇ ಸ್ಕ್ರೂ ಆಕೆಯ ಸೆರಗಿನಿಂದ ಅವನ ಕೈಗೆ ಬಂತು. ಹೊಸ ಪೆಟ್ರೋಲು ತುಂಬಿ, ಯಂತ್ರದ ಪೈಪನ್ನು ಮನೆಯ ನಳಕ್ಕೆ ಸಿಕ್ಕಿಸಿ, ಇಷ್ಟದೈವಗಳನ್ನೆಲ್ಲ ನೆನೆದು, ಹಗ್ಗ ಸೆಳೆದ.

ಗುಡುಗಿತು! ಕಾಗೆಗಳು ದಿಕ್ಕುಗೆಟ್ಟು ಹಾರಿದವು, ಬೀದಿನಾಯಿಗಳು ಬಾಲ ಮುದುರಿದವು, ಗೌಡರ ಚಹಾವನ್ನು ಗೌಡರ ಅಂಗಿಯೇ ಕುಡಿಯಿತು. ಪ್ರಳಯಧಾರೆಯ ಮುಂದೆ ಪಾಚಿಯ ಅಕ್ಷೌಹಿಣಿ ಚಿಂದಿಚಿಂದಿಯಾಗಿ ಗಟಾರಕ್ಕೆ ಓಡಿತು. ಗೇಟಿನಿಂದ ಹೊಸ್ತಿಲವರೆಗೆ ಒಂದಾಳು ನಡೆಯುವಷ್ಟು ಅಗಲದ ಬಿಳಿಯ ಹಾದಿ ಮೂಡಿತು. ಇನ್ನುಳಿದ ಅಂಗಳದತ್ತ ವೀರನು ತಿರುಗಿದ್ದೇ ತಡ, ಧಾರೆ ಸಣ್ಣಗಾಯಿತು, ಗೊರಗೊರ ಎಂದಿತು, ಎರಡು ಹನಿ ಉದುರಿಸಿ ನಿಂತೇಹೋಯಿತು.

ಆಟೋ ಬಂದು ನಿಂತಿತು; ತಾಯಿಯನ್ನು ಇಳಿಸಿಕೊಳ್ಳಲು ಶಿವಗಂಗಾ ಗೇಟಿಗೆ ಹೋದಳು. ಕೈಗೆ ಪಟ್ಟಿ ಕಟ್ಟಿಸಿಕೊಂಡ ಚೆನ್ನಬಸವ್ವ, ಮಗಳ ಹೆಗಲು ಹಿಡಿದು ಆ ಬಿಳಿಯ ಹಾದಿಯ ಮೇಲೆ ಜಾರದೆ ನಡೆದು ಬಂದು ಹೊಸ್ತಿಲ ಹೊರಗೆ ನಿಂತಳು.

“ಭಾಳ ಛಲೋ ಮಾಡೀರಿ ಅಳಿಯಂದ್ರ,” ಎಂದಳು. ವೀರನ ಎದೆ ಉಬ್ಬಿತು. “ದವಾಖಾನಿಯಿಂದ ಬಂದೀನಿ, ಹಂಗ ಒಳಗ ಹೆಂಗ ಬರ್ಲಿ? ಕಾಲಿಗೊಂದ್ ತಂಬಗಿ ನೀರ ಕೊಡ್ರಿ.”

ಮಾರ್ತಾಂಡಪ್ಪ ನಳ ತಿರುಗಿಸಿದ. ನಳ ಉಸಿರುಬಿಟ್ಟಿತು. ಮನೆಯ ಟ್ಯಾಂಕು ಪೂರ್ತಿ ಗಟಾರ ಸೇರಿತ್ತು. ಊರ ನೀರು ಬರುವುದು ಇನ್ನು ಗುರುವಾರಕ್ಕೆ.

ಪಾಚಿಕುಲಾಂತಕನು ಖಾಲಿ ತಂಬಿಗೆಯನ್ನು ಲುಂಗಿಯ ಮರೆಯಲ್ಲಿ ಹಿಡಿದು, ಪಕ್ಕದ ಮನೆಯ ಬಾಗಿಲು ಬಡಿದ.

“ಗೌಡ್ರ... ಸ್ವಲ್ಪ ನೀರ ಕೊಡ್ತೀರೇನ್ರಿ?”