ಲತೀಫನ ಗಟ್ಟಿ ಟೀ

"ಟೀ ಮಾಡೋದೇನ್ ಮಹಾ ವಿದ್ಯೆ ಕಣೇ! ತೇಗದ ದಿಮ್ಮೀನೇ ಪಳಗಿಸಿ ಬಾಗಿಲು ಮಾಡೋನು ನಾನು. ಒಂದು ಲೀಟರ್ ಹಾಲು ನನ್ ಮಾತು ಕೇಳಲ್ವಾ?"

ಹುಣಸೂರಿನ ಮರಗೆಲಸದ ಲತೀಫ ಭಾನುವಾರ ಬೆಳಗ್ಗೆ ಹೀಗೆ ಘೋಷಿಸಿ ಲುಂಗಿ ಎತ್ತಿ ಕಟ್ಟಿದಾಗ, ಅವನ ಹೆಂಡತಿ ನಿಖತ್ ತನ್ನ ಬಲಗೈ ನೋಡಿಕೊಂಡಳು. ಬಚ್ಚಲಲ್ಲಿ ಜಾರಿ ಬಿದ್ದು ಮುರಿದ ಆ ಕೈಗೆ ಬೆರಳಿನ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್. ಇನ್ನು ಲತೀಫನ ತಾಯಿ ಆಮಿನಾಬಿಗೆ ಹೊಸದಾಗಿ ಕಣ್ಣಿನ ಆಪರೇಶನ್ ಆಗಿತ್ತು. ಒಲೆಯ ಹತ್ತಿರ ಸುಳಿಯಬಾರದೆಂದು ಡಾಕ್ಟರ್ ಆಜ್ಞೆ. ಕಪ್ಪು ಕನ್ನಡಕ ಹಾಕಿಕೊಂಡು, ಯಾವುದೋ ಸಿನಿಮಾದ ಖಳನಾಯಕನಂತೆ ಅವರು ಹಜಾರದಲ್ಲಿ ವಿರಾಜಮಾನರಾಗಿದ್ದರು. ಮನೆಯಲ್ಲಿ ಸುಸ್ಥಿತಿಯಲ್ಲಿ ಉಳಿದಿದ್ದ ಗಂಡಾಳು ಹೆಣ್ಣಾಳು ಎರಡೂ ಲತೀಫನೊಬ್ಬನೇ!

ನಿಜ ಹೇಳಬೇಕೆಂದರೆ ಲತೀಫ ಹುಟ್ಟಿದಾರಭ್ಯ ಒಂದು ಸಲವೂ ಟೀ ಮಾಡಿದವನಲ್ಲ. ಆದರೆ ಕುಡಿಯುವುದರಲ್ಲಿ ಹೈಕೋರ್ಟ್ ಜಡ್ಜು! ಮೊದಲ ಗುಟುಕಿಗೆ ಕಣ್ಣು ಮುಚ್ಚುವುದು, ಎರಡನೆಯದಕ್ಕೆ ಹುಬ್ಬು ಏರಿಸುವುದು, ಆಮೇಲೆ ತೀರ್ಪು. "ಏಲಕ್ಕಿ ಜಾಸ್ತಿ." "ಸೊಪ್ಪು ಕುದ್ದಿಲ್ಲ." "ಹಾಲಿಗೆ ನೀರೋ, ನೀರಿಗೆ ಹಾಲೋ?" ಈ ತೀರ್ಪುಗಳ ವಿರುದ್ಧ ಮೇಲ್ಮನವಿ ಸಲ್ಲಿಸುವುದನ್ನು ನಿಖತ್ ಎಂದೋ ಬಿಟ್ಟಿದ್ದಳು.

ಈ ಚಟವೇ ಅಣ್ಣತಮ್ಮಂದಿರ ನಡುವೆ ಮಾತು ಬಿಡಿಸಿದ್ದು. ಅಣ್ಣ ತಾಹಾ ಎಚ್.ಡಿ. ಕೋಟೆಯಲ್ಲಿ ಹಾಸಿಗೆ ದಿಂಬಿನ ಅಂಗಡಿ ಇಟ್ಟವನು. ಅವನು ಹೊಸ ಮನೆ ಕಟ್ಟಿಸಿದಾಗ ಎಲ್ಲರನ್ನೂ ಕರೆದಿದ್ದ. ಅತ್ತಿಗೆ ಫರ್ಹಾನಾ ತನ್ನ ತವರಿನವರೆಲ್ಲ ಸಾಲಾಗಿ ಕೂತಿದ್ದ ಹಜಾರದಲ್ಲಿ ಮೈದುನನಿಗೆ ಮೊದಲು ಟೀ ಕೊಟ್ಟಳು. ಲತೀಫ ಕಣ್ಣು ಮುಚ್ಚಿದ, ಹುಬ್ಬು ಏರಿಸಿದ, ತೀರ್ಪು ಕೊಟ್ಟ: "ಭಾಬಿ, ನಮ್ ಅಂಗಡೀಲಿ ಪಾಲಿಶ್ ಬ್ರಶ್ ತೊಳೆದ ನೀರು ಇದಕ್ಕಿಂತ ಬಣ್ಣ ಇರ್ತದೆ!" ತವರಿನವರು ನಕ್ಕರು. ಫರ್ಹಾನಾ ನಗಲಿಲ್ಲ. ಅಂದಿನಿಂದ ಕೋಟೆಯಿಂದ ಹುಣಸೂರಿಗೆ ಒಂದು ಫೋನೂ ಬರಲಿಲ್ಲ.

ಈಗ ತಾಹಾನ ಮಗಳ ಮದುವೆ ಗೊತ್ತಾಗಿತ್ತು. ಆಮಿನಾಬಿ ದೊಡ್ಡ ಮಗನಿಗೆ ಫೋನ್ ಮಾಡಿ, "ತಮ್ಮನ ಮನೆ ಬಾಗಿಲಿಗೆ ಬಂದು ಕರೆದ್ರೆ ಮಾತ್ರ ನಾನು ಮೊಮ್ಮಗಳ ಮದುವೆಗೆ ಬರೋಳು" ಎಂದು ಪಟ್ಟು ಹಿಡಿದಿದ್ದರು. ಗಂಡ ಹೆಂಡತಿ ಇಬ್ಬರೂ ಈ ಭಾನುವಾರ ಬರುತ್ತೇವೆಂದು ಒಪ್ಪಿದ್ದರು. ಒಪ್ಪಿದ ದನಿಯಲ್ಲಿ ಪ್ರೀತಿ ಇತ್ತೆಂದು ಹೇಳಲಾಗದು.

"ರೀ, ಬಸ್ ಸ್ಟ್ಯಾಂಡ್ ಹೋಟ್ಲಿಂದ ಫ್ಲಾಸ್ಕಲ್ಲಿ ತಂದ್ಬಿಡಿ. ಭಾಬಿ ಮುಂದೆ ಇನ್ನೊಂದು ಎಡವಟ್ಟು ಬೇಡ" ಎಂದಳು ನಿಖತ್.

"ಫ್ಲಾಸ್ಕಾ? ಅವರ ಟೀಗೆ ಹೆಸರಿಟ್ಟ ನಾನು ಹೋಟ್ಲು ಟೀ ಕೊಟ್ರೆ ನಗಲ್ವಾ? ನನ್ ಕೈಯಾರೆ ಮಾಡಿ ಕೊಡ್ತೀನಿ. ಒಂದು ಗುಟುಕು ಕುಡಿದ್ರೆ ಹಳೇದೆಲ್ಲಾ ಮರೀಬೇಕು!"

"ಸರಿ, ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ."

"ಮೇಸ್ತ್ರಿ ಪಕ್ಕ ಮೇಸ್ತ್ರಿ ನಿಂತ್ರೆ ಕೆಲಸ ಕೆಡ್ತದೆ" ಎಂದವನೇ ಲತೀಫ ಅಡುಗೆಮನೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡ. ಬಾಗಿಲು ಅವನೇ ಮಾಡಿದ್ದು, ಅಪ್ಪಟ ತೇಗ. ಒಮ್ಮೆ ಹಾಕಿದರೆ ಆಚೆಯ ಗುದ್ದು ಈಚೆಗೆ ಬರೀ ಗುನುಗು!

ಉತ್ತಮ ಟೀಗೆ ಶುಂಠಿ ಬೇಕೆಂದು ಅವನಿಗೆ ಗೊತ್ತಿತ್ತು. ಎಷ್ಟು ಎಂಬುದು ಗೊತ್ತಿರಲಿಲ್ಲ. ಅತ್ತಿಗೆಯ ಸಿಟ್ಟಿನ ಗಾತ್ರಕ್ಕೆ ತಕ್ಕಂತಿರಲಿ ಎಂದು ಅಂಗೈ ಅಗಲದ ಗಡ್ಡೆಯನ್ನು ಕಲ್ಲಿನ ಮೇಲಿಟ್ಟು, ಹಿತ್ತಲಿನಲ್ಲಿದ್ದ ಕೊಡತಿಯಿಂದ ನಾಲ್ಕು ಬಾರಿಸಿದ. ಶುಂಠಿ ಅರ್ಧ ಗೋಡೆಗೆ ಹೋಯಿತು. ಉಳಿದರ್ಧವನ್ನು ತಣ್ಣನೆಯ ಹಾಲಿಗೆ ಸುರಿದು ಒಲೆ ಹಚ್ಚಿದ. ಮನೆಯಲ್ಲಿದ್ದ ಹಾಲಿನ ಪ್ಯಾಕೆಟ್ಟುಗಳೆಲ್ಲವೂ ಆ ಒಂದೇ ಪಾತ್ರೆಯಲ್ಲಿದ್ದವು. ಕೆಲಸ ಅಂದರೆ ಧಾರಾಳವಾಗಿರಬೇಕು!

ಹಾಲು ಬಿಸಿಯಾಯಿತು. ಅಂಚಿನಲ್ಲಿ ಸಣ್ಣ ಸಣ್ಣ ಮುತ್ತು ಕಾಣಿಸಿಕೊಂಡವು. ಆಹಾ ಕೆನೆ, ಎಂದು ಲತೀಫ ಹಿಗ್ಗಿದ. ಮುತ್ತುಗಳು ಮೊಸರಿನ ಗುಂಡುಗಳಾದವು. ಗುಂಡುಗಳು ಒಂದು ಕಡೆ, ಹಸಿರು ನೀರು ಒಂದು ಕಡೆ! ಹಾಲು ಒಡೆದು ಚೂರುಚೂರಾಗಿತ್ತು. ಅಷ್ಟರಲ್ಲಿ ಅಂಗಿಜೇಬಿನ ಫೋನು ಹೊಡೆದುಕೊಂಡಿತು. ತಾಹಾ.

"ಗುರುಪುರ ದಾಟಿದ್ವಿ."

ಅಷ್ಟೇ. ಹಲೋ ಇಲ್ಲ, ಸಲಾಂ ಇಲ್ಲ. ಗುರುಪುರದಿಂದ ಹುಣಸೂರು ಇನ್ನೆಷ್ಟು ದೂರ! ಒಡೆದ ಹಾಲನ್ನು ಬಚ್ಚಲಿಗೆ ಸುರಿದು, ಹೆಂಡತಿಗೆ ತಿಳಿಯದಂತೆ ಹಿತ್ತಲ ಬಾಗಿಲಿನಿಂದ ಬೀದಿಗೆ ಓಡಿದ. ಮೂಲೆಯಂಗಡಿಯಲ್ಲಿ ಹಾಲು ಖಾಲಿ. ಅದರಾಚೆಯ ಅಂಗಡಿಗೆ ಬೀಗ. ಹುಣಸೂರಿನ ಜನ ಇಷ್ಟೊಂದು ಹಾಲು ಕುಡಿಯುತ್ತಾರೆಂದು ಅವನಿಗೆ ಆವರೆಗೆ ತಿಳಿದಿರಲಿಲ್ಲ!

ಕೊನೆಗೆ ನೆನಪಾದದ್ದು ಹಿಂದಿನ ಬೀದಿಯಲ್ಲಿ ಹಸು ಸಾಕಿದ ಮರಮ್ಮ. ಮರಮ್ಮ ಮನೆಯಲ್ಲಿರಲಿಲ್ಲ. ಅವಳ ಅತ್ತೆ ಚಿಕ್ಕಸಿದ್ದಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅಜ್ಜಿ, ಹಾಲು! ಅರ್ಜೆಂಟು!"

"ಆಲಾ? ಐತೆ ಕಣಪ್ಪ. ಆದ್ರೆ ಮೊನ್ನೆ ತಾನೆ ಅಸ..."

"ಐತೆ ಅಂದ್ರಲ್ಲ, ಸಾಕು! ಕೊಡಿ ಬೇಗ!"

"ಕೇಳಿಲ್ಲಿ ಸಾಬ್ರೇ, ಅದು ಅಂತಿಂಥ ಆಲಲ್ಲ..."

"ಎಂಥದ್ದಾದ್ರೂ ಸರಿ ಕಣಜ್ಜಿ, ನನ್ ಮರ್ಯಾದೆ ಉಳೀಲಿ!"

ಅಜ್ಜಿ ಗೊಣಗುತ್ತಲೇ ಚೆಂಬು ತುಂಬ ಕೊಟ್ಟಳು. ಲತೀಫ ಬಗ್ಗಿ ನೋಡಿದ. ಮಂದವಾದ, ಹಳದಿ ಬಣ್ಣದ ಹಾಲು! ಇದಲ್ಲವೇ ಹಾಲು! ಪ್ಯಾಕೆಟ್ಟಿನ ಹಾಲು ತನ್ನ ಜನ್ಮದಲ್ಲಿ ಈ ಬಣ್ಣ ಕಂಡೀತೇ! ಅವನು ಚೆಂಬನ್ನು ಮಗುವಿನಂತೆ ಎದೆಗವಚಿಕೊಂಡು ಮನೆಗೆ ಓಡಿದ.

ಹಜಾರದಲ್ಲಿ ಆಗಲೇ ಮಾತು ಕೇಳುತ್ತಿತ್ತು. ಬಾಗಿಲಿನ ಸಂದಿಯಲ್ಲಿ ಇಣುಕಿದರೆ, ತಾಹಾ ಕುರ್ಚಿಯ ತುದಿಯಲ್ಲಿ, ಫರ್ಹಾನಾ ಸೆರಗು ಬಿಗಿ ಹಿಡಿದು ಇನ್ನೊಂದು ಕುರ್ಚಿಯ ತುದಿಯಲ್ಲಿ.

"ಬಸ್ಸಲ್ಲಿ ರಶ್ಶಾ?" ಎಂದರು ಆಮಿನಾಬಿ.

"ಹೂಂ" ಎಂದ ತಾಹಾ.

"ಕೋಟೇಲಿ ಬಿಸಿಲಾ?"

"ಹೂಂ."

ಈ 'ಹೂಂ'ಗಳನ್ನು ಕರಗಿಸಲು ತನ್ನ ಟೀಯಿಂದ ಮಾತ್ರ ಸಾಧ್ಯ! ಲತೀಫ ಈ ಸಲ ಜಾಣನಾಗಿದ್ದ. ಮೊದಲು ನೀರು, ನೀರಿಗೆ ಟೀ ಸೊಪ್ಪು, ಸಕ್ಕರೆ, ಏಲಕ್ಕಿ. ಘಮ್ಮೆಂದಿತು. ಆಮೇಲೆ ಹಳದಿ ಹಾಲನ್ನು ಪೂರ್ತಿ ಸುರಿದು ಒಲೆ ಜೋರು ಮಾಡಿದ.

ಅದೇ ಹೊತ್ತಿಗೆ ಬಾಗಿಲಿನ ಮೇಲೆ ನಿಖತ್‌ಳ ಎಡಗೈಯ ಬಡಿತ. "ರೀ... ಹಾಲು..."

"ಹಾಲು ಸೂಪರ್ರಾಗಿದೆ ಹೋಗೇ!"

"ಅಯ್ಯೋ, ಚಿಲಕ ತೆಗೀರಿ! ಭಾಬಿ... ಹಾಲು..."

"ಸುಮ್ನಿರ್ತೀಯೋ ಇಲ್ವೋ!"

ಟೀ ಮಂದವಾಗತೊಡಗಿತು. ಗಟ್ಟಿ ಟೀ ಅಂದರೆ ಇದಪ್ಪಾ ಎಂದುಕೊಂಡ ಲತೀಫ. ಇನ್ನೂ ಮಂದವಾಯಿತು. ಕಲಕಲು ಚಮಚ ಹಾಕಿದರೆ ಚಮಚ ನೆಟ್ಟಗೆ ನಿಂತಿತು! ಕೈ ಬಿಟ್ಟ, ಆದರೂ ನಿಂತೇ ಇತ್ತು! ಗಾಬರಿಯಿಂದ ಪಾತ್ರೆ ಇಳಿಸಿ, ಜಾಲರಿ ಹಿಡಿದು ಲೋಟಕ್ಕೆ ಬಗ್ಗಿಸಿದ. ಕಂದುಬಣ್ಣದ ದೊಡ್ಡ ಗಡ್ಡೆಯೊಂದು ಧೊಪ್ಪೆಂದು ಜಾಲರಿಯಲ್ಲಿ ಕೂತಿತು. ಲತೀಫ ಒತ್ತಿದ. ಹಿಂಡಿದ. ಒಂದೇ ಒಂದು ತೊಟ್ಟು ಲೋಟಕ್ಕೆ ಇಳಿಯಲಿಲ್ಲ.

ಆಗ ಅವನಿಗೆ ಜೀವನದಲ್ಲಿ ಜಿಗುಪ್ಸೆ ಬಂತು. ಅವನು ಒಲೆಯ ಪಕ್ಕ ನೆಲದ ಮೇಲೆ ಕುಸಿದು ಕೂತ. ಅಣ್ಣ ಹೋಗಿಬಿಡುತ್ತಾನೆ. ಮದುವೆಯಲ್ಲಿ ತಾನು ನಿಲ್ಲುವಂತಿಲ್ಲ. ಎತ್ತಿ ಆಡಿಸಿದ ಹುಡುಗಿಯ ನಿಕಾಹ್‌ ಸುದ್ದಿಯನ್ನು ಇನ್ಯಾರದೋ ಬಾಯಲ್ಲಿ ಕೇಳಬೇಕು. ಎಲ್ಲಾ ಒಂದು ಲೋಟ ಟೀಗೋಸ್ಕರ! ಕಣ್ಣಲ್ಲಿ ನೀರು ಬಂತು. ಅದು ಹೊಗೆಯಿಂದ ಎಂದು ಹೇಳೋಣವೆಂದರೆ ಗ್ಯಾಸ್ ಒಲೆ!

"ಅಮ್ಮಿ, ನಾವು ಬರ್ತೀವಿ. ಪಿರಿಯಾಪಟ್ಟಣಕ್ಕೂ ಹೋಗಿ ಕರೀಬೇಕು." ಬಾಗಿಲಿನ ಸಂದಿಯಿಂದ ತಾಹಾನ ದನಿ, ಅವನು ಎದ್ದ ಸದ್ದು. ಲತೀಫ ದಡಬಡಿಸಿ ಎದ್ದು ಚಿಲಕ ತೆಗೆದ. ಬಾಗಿಲಲ್ಲಿ ನಿಖತ್, ಅವಳ ಹಿಂದೆಯೇ ಫರ್ಹಾನಾ.

ನಿಖತ್ ಜಾಲರಿಯನ್ನು ನೋಡಿದಳು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ಯಾ ಅಲ್ಲಾ! ಇದು ಗಿಣ್ಣು ಕಣ್ರೀ! ಕರು ಹಾಕಿದ ಹಸೂನ ಗಿಣ್ಣಾಲಲ್ಲಿ ಟೀ ಮಾಡಿದ್ದೀರಲ್ರೀ!"

ಲತೀಫ ಅತ್ತಿಗೆಯ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡಿದ. "ಭಾಬಿ, ಆವತ್ತು ನಿಮ್ ಟೀ ಬಗ್ಗೆ ನಾನು ಹಂಗೆ ಅನ್ಬಾರ್ದಿತ್ತು. ಮಾಡೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

ಫರ್ಹಾನಾ ಜಾಲರಿಯನ್ನು ಕೈಗೆ ತೆಗೆದುಕೊಂಡು ತಲೆಕೆಳಗು ಮಾಡಿದಳು. ಗಡ್ಡೆ ಬೀಳಲಿಲ್ಲ. ಇನ್ನೊಮ್ಮೆ ಒದರಿದಳು. ಆಗಲೂ ಬೀಳಲಿಲ್ಲ. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಲತೀಫ ಹೆದರಿದ. ಅವಳು ನಗುತ್ತಿದ್ದಳು! ಸೆರಗು ಬಾಯಿಗೆ ತುರುಕಿಕೊಂಡು, ಗೋಡೆ ಹಿಡಿದುಕೊಂಡು ನಗುತ್ತಿದ್ದಳು. "ಏನ್ರೀ, ಬನ್ನಿ ಇಲ್ಲಿ! ನಿಮ್ ತಮ್ಮ ಟೀನ ಚಾಕಲ್ಲಿ ಕುಯ್ಯೋಹಂಗೆ ಮಾಡವ್ನೆ!"

ತಾಹಾ ಬಂದ. ನೋಡಿದ. ಅವನಿಗೂ ತಡೆಯಲಾಗಲಿಲ್ಲ. ನಿಖತ್ ಗಡ್ಡೆಯನ್ನು ತಟ್ಟೆಗಳಿಗೆ ಹಂಚಿದಳು. ತಾಹಾ ಎರಡು ಸಲ ಹಾಕಿಸಿಕೊಂಡು, ಬಾಯಿ ಒರೆಸಿಕೊಂಡು, "ಸಿಹಿ ಆಯ್ತಲ್ಲ ಕಣೋ ಲತೀಫ್. ಇನ್ನು ಟೀ ತತ್ತೀಯಾ?" ಎಂದ.

ಲತೀಫ ಖಾಲಿ ಚೆಂಬನ್ನು ಬೋರಲು ಮಾಡಿ ತೋರಿಸಿದ. "ಹಾಲೇ ಇಲ್ಲ ಭಾಯ್..."

"ಇಲ್ಲದೆ ಏನು?" ನಿಖತ್ ಹಜಾರದ ಕಡೆ ತೋರಿಸಿದಳು. ಬಾಗಿಲ ಪಕ್ಕ ಫಳಫಳ ಹೊಳೆಯುವ ಹಾಲಿನ ಕ್ಯಾನು. "ಅಮ್ಮಿಗೆ ಅಂತ ಭಾಬಿ ಕೋಟೆಯಿಂದ ಎಮ್ಮೆ ಹಾಲು ತಂದವ್ರೆ. ಅದನ್ನೇ ಅಲ್ವಾ ನಾನು ಬಾಗಿಲು ಬಡ್ದು ಬಡ್ದು ಹೇಳಿದ್ದು!"

ಫರ್ಹಾನಾ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಳು. "ಸರಿ ಬುಡು. ನಾನು ಮಾಡ್ತೀನಿ."

ಟೀ ಬಂತು. ಅದೇ ಟೀ! ಎಮ್ಮೆಯ ಗಟ್ಟಿ ಹಾಲಿನಿಂದಲೂ ಇಷ್ಟು ತೆಳ್ಳನೆಯ, ಇಷ್ಟು ಬಿಳಿಚಿದ, ಯಾವ ರುಚಿಯ ಸುಳಿವೂ ಇಲ್ಲದ ದ್ರವವನ್ನು ತೆಗೆಯುವುದು ಮನುಷ್ಯಮಾತ್ರದವರಿಗೆ ಹೇಗೆ ಸಾಧ್ಯವೆಂದು ಲತೀಫ ಬೆರಗಾದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಆಮಿನಾಬಿ ಕಪ್ಪು ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ಹೆಂಗದೆ?" ಎಂದಳು ಫರ್ಹಾನಾ.

"ಅಮೃತ ಭಾಬಿ" ಎಂದ ಲತೀಫ. ದನಿ ನಡುಗಿದ್ದನ್ನು ಎಲ್ಲರೂ ಭಾವುಕತೆ ಎಂದು ತಿಳಿದರು.

ಫರ್ಹಾನಾಳ ಮುಖ ಅರಳಿತು. ಅವಳು ಗಂಡನ ಕಡೆ ತಿರುಗಿದಳು. "ನೀವು ಒಬ್ರೇ ಹೋಗಿ ಕರ್ದು ಬನ್ನಿ. ಮದುವೆಗಿನ್ನೂ ಬೇಕಾದಷ್ಟು ದಿನ ಇದೆ. ಜವಳಿನೂ ಇಲ್ಲೇ ತಗೋಬೇಕಲ್ಲ. ನಿಖತ್ ಪ್ಲಾಸ್ಟರ್ ಬಿಚ್ಚೋಗಂಟ ನಾನು ಇಲ್ಲೇ ಇರ್ತೀನಿ. ಪಾಪ, ಲತೀಫನಿಗೆ ಮೂರು ಹೊತ್ತೂ ಟೀ ಬೇಕು. ಮಾಡ್ಕೊಡೋರು ಯಾರು?"

ಆಮಿನಾಬಿ ಸಂತೋಷದಿಂದ ಕಣ್ಣೊರೆಸಿಕೊಂಡರು. ನಿಖತ್ ಗೋಡೆಯ ಕಡೆ ಮುಖ ತಿರುಗಿಸಿ ಕೆಮ್ಮಿದಳು. ಎರಡನೆಯ ಲೋಟವನ್ನು ಅತ್ತಿಗೆ ಪ್ರೀತಿಯಿಂದ ಕೈಗಿಟ್ಟ ಮೇಲೆ ಲತೀಫ ಮೆಲ್ಲಗೆ ಹಿತ್ತಲಿಗೆ ಜಾರಿ, ಮೂಳೆ ಡಾಕ್ಟರಿಗೆ ಫೋನ್ ಮಾಡಿದ.

"ಸಾರ್, ನನ್ ಹೆಂಡ್ತಿ ಪ್ಲಾಸ್ಟರ್ ನಾಳೆನೇ ಬಿಚ್ಬೋದಾ?"

"ನಾಳೇನಾ? ಯಾಕ್ರೀ, ಮೂಳೆ ಅಷ್ಟು ಬೇಗ ಕೂಡ್ಕೊಂಡ್ಬಿಡ್ತಾ?"

"ಮೂಳೆ ವಿಷ್ಯ ಗೊತ್ತಿಲ್ಲ ಸಾರ್" ಎಂದ ಲತೀಫ ಅಳುಬುರುಕ ದನಿಯಲ್ಲಿ, "ಮನೆಯೋರೆಲ್ಲ ಕೂಡ್ಕೊಂಡ್ಬಿಟ್ಟವ್ರೆ!"