ಜೇನುಗೂಡು ಶಾಲೆಯ ಗುದ್ದಲಿ ಪೂಜೆ

ನಾನು ಸೋಮವಾರಪೇಟೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ರೈಟರ್ ಎಂದರೆ ಕಥೆ, ಕವಿತೆ ಬರೆಯುವವನಲ್ಲ. ಆಳುಗಳ ಹಾಜರಿ ಬರೆಯುವವನು. ಆದರೂ ನನ್ನೊಳಗೆ ಒಬ್ಬ ಮಹಾನ್ ಕಲಾವಿದ ಇದ್ದಾನೆಂಬುದರಲ್ಲಿ ನನಗೆ ಎಂದೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಹೆಂಡತಿ ಸರೋಜಳಿಗೆ ಮಾತ್ರ.

ಸರೋಜ ಊರಿನ ಶಾಲೆಯ ಹೆಡ್‌ಮಿಸ್ಸು. ಅಲ್ಲಿ ಕೋಣೆ ಸಾಲದೆ ಒಂದೇ ಜಗಲಿಯಲ್ಲಿ ಮೂರು ತರಗತಿ ನಡೆಯುತ್ತಿದ್ದವು. ಒಂದನೇ ತರಗತಿಯವರು ಮೂರನೆಯವರ ಮಗ್ಗಿ ಒಪ್ಪಿಸುತ್ತಿದ್ದರು, ಮೂರನೆಯವರು ಒಂದನೆಯವರ ಪದ್ಯ ಹಾಡುತ್ತಿದ್ದರು. ಕೊನೆಗೆ ನಮ್ಮ ಎಸ್ಟೇಟಿನ ಸಾಹುಕಾರರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಡ ಕಟ್ಟಿಸಿಕೊಡಲು ಒಪ್ಪಿದರು. ಆದರೆ ಅವರ ಮನಸ್ಸು ನಮ್ಮ ಕಡೆಯ ಬಿಸಿಲಿನ ಹಾಗೆ, ಯಾವಾಗ ಮೋಡ ಮುಚ್ಚುತ್ತದೋ ಹೇಳಲಾಗದು. ಗುದ್ದಲಿ ಪೂಜೆ ಮುಗಿಯುವ ತನಕ ಸರೋಜಳ ಜೀವದಲ್ಲಿ ಜೀವ ಇರಲಿಲ್ಲ.

ಇಂಥ ಸಂದಿಗ್ಧದಲ್ಲಿ ಪ್ಲಾನ್ ಬರೆಯುವ ಘನಕಾರ್ಯವನ್ನು ನಾನು ವಹಿಸಿಕೊಂಡೆ. ಯಾರೂ ವಹಿಸಿರಲಿಲ್ಲ!

ಸ್ಫೂರ್ತಿ ಸಿಕ್ಕಿದ್ದು ಮನೆ ಹಿಂದಿನ ಜೇನುಪೆಟ್ಟಿಗೆಯಲ್ಲಿ. ಆಹಾ, ಎಷ್ಟು ಚಂದದ ಆರು ಮೂಲೆಯ ಕೋಣೆಗಳು! ನಡುವೆ ಆರು ಮೂಲೆಯ ಅಂಗಳ, ಸುತ್ತಲೂ ಅಂಥವೇ ಆರು ಕೋಣೆ ಎಂದು ನಿಶ್ಚಯಿಸಿದೆ. ಪ್ರಕೃತಿ ಪ್ರತಿ ಸಲವೂ ಹೊಸದಾಗಿ ಯೋಚಿಸುವುದಿಲ್ಲ, ಒಂದೇ ಆಕಾರವನ್ನು ಮತ್ತೆ ಮತ್ತೆ ಇಡುತ್ತದೆ. ಹಾಗಾಗಿ ನಾನೂ ಯೋಚಿಸಲಿಲ್ಲ. ರಟ್ಟಿನಲ್ಲಿ ಒಂದು ಕೋಣೆ ಕತ್ತರಿಸಿದೆ, ಪಕ್ಕದ ಕೋಣೆಗೆ ತಾಗುವ ಬಲಗೋಡೆಯಲ್ಲಿ ಬಾಗಿಲಿಗೆ ಜಾಗ ಬಿಟ್ಟೆ, ಅದೇ ರಟ್ಟನ್ನು ತಿರುಗಿಸಿ ತಿರುಗಿಸಿ ಆರು ಕೋಣೆ ಬರೆದೆ.

ಇದರೊಳಗೆ ಬೆಂಚು ಹಾಕುವುದು ಹೇಗೆ ಎಂದು ಸರೋಜ ಕೇಳಿದಳು. ಜೇನುಹುಳ ಯಾವತ್ತಾದರೂ ಬೆಂಚು ಕೇಳಿದೆಯೇ ಎಂದು ನಾನು ಕೇಳಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಗೆದ್ದೆ ಅಂದುಕೊಂಡೆ.

ಪೂಜೆಯ ಬೆಳಿಗ್ಗೆ ನಾನೇ ನೆಲದ ಮೇಲೆ ಸುಣ್ಣದ ಗೆರೆ ಹಾಕಿದೆ. ಕೊನೆಯ ಗೆರೆ ಎಳೆಯುವುದರೊಳಗೆ ಭಟ್ಟರು ನಡುವಂಗಳದಲ್ಲಿ ಕಲಶ ಇಟ್ಟು ಕುಳಿತಾಗಿತ್ತು. ಸಾಹುಕಾರರು ಹಣ್ಣುಕಾಯಿ ತಟ್ಟೆ ಹಿಡಿದು ಬಂದರು. ಗೆರೆ ಎಂದರೆ ಗೋಡೆಯೇ, ದಾಟಬಾರದು, ಬಾಗಿಲಿಂದಲೇ ಬರಬೇಕು ಎಂದು ಭಟ್ಟರು ಒಳಗಿಂದ ಸೂಚನೆ ಕೊಟ್ಟರು.

ಸಾಹುಕಾರರು ಬಾಗಿಲು ಹುಡುಕುತ್ತಾ ಒಂದು ಸುತ್ತು ಬಂದರು. ಎರಡನೇ ಸುತ್ತಿಗೆ ಹೊರಟಾಗ ಊರವರು ಇದು ಪ್ರದಕ್ಷಿಣೆ ಎಂದುಕೊಂಡು ಕೈಮುಗಿದು ಹಿಂದೆ ಬಿದ್ದರು. ಆ ಮೆರವಣಿಗೆ ಬಂದು ನನ್ನೆದುರು ನಿಂತಿತು.

“ರೈಟ್ರೇ, ಒಳಗೆ ಹೋಗಾದು ಎಲ್ಲಿಂದ?”

“ಒಂದನೇ ಕೋಣೆಯಿಂದ ಸಾರ್.”

“ಒಂದನೇದಕ್ಕೆ?”

“ಆರನೇದರಿಂದ.”

“ಆರನೇದಕ್ಕೆ?”

“ಐದನೇದರಿಂದ...” ನನ್ನ ದನಿ ಇಳಿಯತೊಡಗಿತು. ಆರು ಬಾಗಿಲುಗಳೂ ಇದ್ದವು. ಎಲ್ಲವೂ ಪಕ್ಕದ ಕೋಣೆಗೇ ತೆರೆಯುತ್ತಿದ್ದವು. ಹೊರಪ್ರಪಂಚಕ್ಕೆ ಒಂದೂ ಇರಲಿಲ್ಲ! ನಡುವಂಗಳಕ್ಕೂ ಇರಲಿಲ್ಲ. ಶಾಸ್ತ್ರದ ಪ್ರಕಾರ ಭಟ್ಟರು ಇನ್ನು ಜನ್ಮದಲ್ಲಿ ಹೊರಗೆ ಬರುವಂತಿರಲಿಲ್ಲ.

“ಜೇನುಗೂಡಿನ ಕೋಣೆಗೂ ಹೊರಬಾಗಿಲು ಇರಲ್ಲ ಸಾರ್” ಎಂದೆ.

“ಜೇನಿಗೆ ರೆಕ್ಕೆ ಇದಾವೆ ರೈಟ್ರೇ” ಎಂದವರೇ ಸಾಹುಕಾರರು ತಟ್ಟೆ ಸಮೇತ ಜೀಪಿನ ಕಡೆ ತಿರುಗಿದರು.

ಸರೋಜಳ ಮುಖ ಬಿಳಿಚಿಕೊಂಡಿತು. ಅಷ್ಟೂ ಮಕ್ಕಳ ಕೋಣೆಗಳು ನನ್ನ ಒಂದು ರಟ್ಟಿನಿಂದಾಗಿ ಜೀಪು ಹತ್ತಿ ಹೊರಟಿದ್ದವು.

ಅವಳು ನನ್ನ ಕಡೆ ನೋಡಲೂ ಇಲ್ಲ. ಸೆರಗು ಸಿಕ್ಕಿಸಿ, ಸುಣ್ಣದ ಬಕೆಟ್ಟು ಎತ್ತಿಕೊಂಡು, ನನ್ನ ಗೆರೆಗಳನ್ನೆಲ್ಲ ಕಾಲಿನಿಂದ ಒರೆಸುತ್ತಾ ನಡೆದಳು. ಭಟ್ಟರ ಸುತ್ತ ಉದ್ದಕ್ಕೆ ಒಂದು ನೇರ ಚೌಕಟ್ಟು ಬರೆದಳು. ಮುಂದುಗಡೆ ಅಗಲವಾಗಿ ಜಾಗ ಬಿಟ್ಟಳು.

“ಬಾಗ್ಲು ಇಲ್ಲಿ ಸಾವ್ಕಾರ್ರೇ. ಬಲಗಾಲಿಟ್ಟು ಬನ್ನಿ.”

ಸಾಹುಕಾರರು ಜೀಪಿನ ಬಳಿಯಿಂದಲೇ ತಿರುಗಿ ಗೆರೆ ನೋಡಿದರು. ಆಮೇಲೆ ನಕ್ಕು, ಒಳಗೆ ಬಂದರು. ಸರೋಜ ಕಣ್ಣೊರೆಸಿಕೊಂಡಳು.

ಹೊಸ ಗೆರೆಗೆ ದಾರ ಕಟ್ಟಬೇಕಿತ್ತು. ಮೂರು ಮೂಲೆಗೆ ಗೂಟ ಸಿಕ್ಕಿತು, ನಾಲ್ಕನೆಯದಕ್ಕೆ ಇರಲಿಲ್ಲ. ಸರೋಜ ಸುತ್ತಲೂ ಹುಡುಕಿದಳು. ದೃಷ್ಟಿ ನನ್ನ ಮೇಲೆ ಬಿತ್ತು.

“ರೀ, ಈ ದಾರ ಹಿಡ್ಕಂಡು ಇಲ್ಲಿ ನಿಂತ್ಕಳಿ. ಅಲ್ಲಾಡ್ಬೇಡಿ.”

ಪೂಜೆ ಮುಗಿಯುವ ತನಕ ನಿಂತೆ. ಮೂಲೆಗುಂಪಾಗುವುದು ಎಂದರೇನೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಈಗ ಕಟ್ಟಡ ಎದ್ದಿದೆ, ಮಕ್ಕಳು ತಮ್ಮ ತಮ್ಮ ಮಗ್ಗಿಯನ್ನೇ ಹೇಳುತ್ತಾರೆ. ಒಂದು ಮೂಲೆ ಮಾತ್ರ ಸ್ವಲ್ಪ ಸೊಟ್ಟ. ದಾರ ಹಿಡಿದು ನಿಂತಿದ್ದಾಗ ನನಗೆ ಒಂದು ಸೀನು ಬಂದಿತ್ತು.