ಕಂಟ್ರೋಲರ್ ಸಾಹೇಬರ ವಾಕಿಂಗು

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ಗೋದೂಬಾಯಿ ಅಕ್ಕಲಕೋಟದ ತಮ್ಮ ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಕುಳಿತು, ಗಂಡನ ಬಲಗಾಲನ್ನು ಬಿಳಿಯ ಕ್ಯಾನ್ವಾಸ್ ಬೂಟಿನೊಳಗೆ ತುರುಕುತ್ತಿದ್ದರು. ಕಾಲು ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಕಾಲಿನ ಮಾಲೀಕರೂ ಒಪ್ಪುತ್ತಿರಲಿಲ್ಲ.

"ಇವು ಸಾಲಿ ಹುಡುಗರ ಬೂಟು," ಎಂದರು ಚಂದ್ರಶೇಖರಪ್ಪ.

"ಸಾಲಿ ಹುಡುಗರು ಇಷ್ಟು ಹಟಾ ಮಾಡಂಗಿಲ್ರಿ. ಬೆರಳ ಮಡಚಬ್ಯಾಡ್ರಿ!"

"ನಾಳಿಂದ ಹೋಗೋಣು."

"ಆ ನಾಳಿ ನಿನ್ನಿನೂ ಇತ್ತು, ಮೊನ್ನಿನೂ ಇತ್ತು. ಏಳ್ರಿ ಸುಮ್ನ."

ಚಂದ್ರಶೇಖರಪ್ಪ ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾವ ಗಾಡಿ ಯಾವ ಫಲಾಟಕ್ಕೆ, ಅಂದರೆ ಪ್ಲಾಟ್‌ಫಾರ್ಮಿಗೆ, ಬರುತ್ತದೆ, ಯಾವಾಗ ಬಿಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವರ ಕೆಲಸ. ಈಗ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು. ಅದು ಗೊತ್ತಾಗುವ ಹೊತ್ತಿಗೆ ಬೆನ್ನೆಲುಬಿಗೂ ಹಬ್ಬಿತ್ತು. ಸೊಲ್ಲಾಪುರದ ಡಾಕ್ಟರು ಗಂಡಸುತನದ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ ಕೊಟ್ಟ ಮೇಲೆ ನೋವು ಇಳಿಯಿತು. ಆದರೆ ನೋವಿನ ಜೊತೆಗೆ ಮೈಯ ಬಲವೂ ಇಳಿದುಹೋಯಿತು. ಸಾಲದ್ದಕ್ಕೆ ಹೊತ್ತಿಲ್ಲ ಗೊತ್ತಿಲ್ಲ, ಮೈಯೆಲ್ಲ ಒಮ್ಮೆಲೇ ಕಾದು ಬೆವರು ಕಿತ್ತುಕೊಂಡು ಬರುತ್ತಿತ್ತು. (ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಗೋದೂಬಾಯಿಗೂ ಹೀಗೇ ಆಗಿತ್ತು. ಆಗ ಇವರು ಪೇಪರಿನಿಂದ ತಲೆ ಎತ್ತದೆ "ಖಿಡಕಿ ತಗಿ" ಎಂದಿದ್ದರು. ಈಗ ಗೋದೂಬಾಯಿ ಅದೇ ಸಲಹೆಯನ್ನು ಅದೇ ಧ್ವನಿಯಲ್ಲಿ ಹಿಂದಿರುಗಿಸಿ, ಆಮೇಲೆ ಬೀಸಣಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು.)

ಚಂದ್ರಶೇಖರಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಮೇಲೆ ಏಳಲೇ ಇಲ್ಲ. ರೋಗಿಗೆ ವಿಶ್ರಾಂತಿ ಬೇಕೆಂದು ಓಣಿಯೆಲ್ಲ ಹೇಳಿತು. ಡಾಕ್ಟರು ಮಾತ್ರ ತದ್ವಿರುದ್ಧ ಹೇಳಿದರು.

"ನಡಿಯೂದ್ರಿಂದ ಬ್ಯಾನಿ ಹೋಗತದ ಅಂತ ನಾ ಹೇಳಂಗಿಲ್ರಿ. ಆದ್ರ ದಣಿವು ಕಡಿಮಿ ಆಗ್ತದ, ಕಾಲಾಗ ತಾಕತ್ತು ಉಳೀತದ. ಹಾಸಿಗ್ಯಾಗ ಕಳಕೊಂಡ ಕಾಲು ತಿರುಗಿ ಸಿಗೂದು ಕಠೀಣ. ಓಡಬ್ಯಾಡ್ರಿ, ಜಿಗಿಬ್ಯಾಡ್ರಿ, ಬೀಳಬ್ಯಾಡ್ರಿ, ಎಲುಬು ನಾಜೂಕ ಅದಾವ. ಬಿರಬಿರನ ನಡೀರಿ. ಜೋಡಿ ಯಾರರ ಇರಲಿ."

"ಬಿರಬಿರ ಅಂದ್ರ ಎಷ್ಟ್ರಿ?" ಎಂದು ಗೋದೂಬಾಯಿ ಕೇಳಿದರು.

"ನಡೀತ ನಡೀತ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಮಾತು ಕಡೀತು ಅಂದ್ರ ಜೋರ ಆತು. ಹಾಡಾಕ ಬಂತು ಅಂದ್ರ ಸಾವಕಾಶ ಆತು. ಅದಕ್ಕ ಬಾಯಿ ಮುಚ್ಚಿ ನಡಿಸಬ್ಯಾಡ್ರಿ ಅವರನ್ನ."

ಅಳತೆ ಸೊಗಸಾಗಿತ್ತು. ಗಡಿಯಾರ ಬೇಡ, ಯಂತ್ರ ಬೇಡ. ಒಂದೇ ಒಂದು ಅಡಚಣೆಯೆಂದರೆ ಚಂದ್ರಶೇಖರಪ್ಪ ಮಾತಾಡುವವರಲ್ಲ. ತಮ್ಮ ಪಾಲಿನ ಮಾತನ್ನೆಲ್ಲ ಮೈಕಿಗೆ ಸುರಿದು, ಮನೆಗೆ ಬರುವಾಗ ಬರೀ "ಹೂಂ" ಒಂದನ್ನು ಉಳಿಸಿಕೊಂಡು ಬರುತ್ತಿದ್ದರು. ಮಗ ಆಶಿಷ ಹುಟ್ಟಿದ ಸುದ್ದಿಗೂ ಹೂಂ, ಅವನಿಗೆ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕ ಸುದ್ದಿಗೂ ಹೂಂ.

ಇನ್ನೊಂದು ತೊಡಕು ಗೋದೂಬಾಯಿಯದೇ. ಗಂಡನ ಸರಿಸಮ ನಡೆಯುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ. ಅತ್ತೆ, ಅತ್ತೆಯ ಅತ್ತೆ, ಎಲ್ಲರೂ ನಾಲ್ಕು ಮಾರು ಹಿಂದೆಯೇ ನಡೆದವರು. ಹಾಗಾಗಿ ಆ ದಿನ ಅಕ್ಕಲಕೋಟದ ಬೀದಿಯಲ್ಲಿ ಒಬ್ಬ ಗಂಡಸು ಮುಂದೆ ಹೋಗುತ್ತಿದ್ದ, ಒಬ್ಬ ಹೆಂಗಸು ದೂರದಿಂದ ಅವನನ್ನು ಕೂಗುತ್ತಿದ್ದಳು.

"ಮಾತಾಡ್ರೀ!"

"ಹೂಂ."

"ಹೂಂ ಅಂದ್ರ ಮಾತಲ್ಲ! ಏನರ ಅನ್ರಿ!"

"ಏನ ಅನ್ಲಿ?"

"ನಿಮಗ ಏನ ಬರ್ತದೋ ಅದನ್ನ!"

ಚಂದ್ರಶೇಖರಪ್ಪನವರಿಗೆ ಬರುತ್ತಿದ್ದದ್ದು ಒಂದೇ. ಅವರು ಗಂಟಲು ಸರಿಮಾಡಿಕೊಂಡರು. "ಪ್ರಯಾಣಿಕರು ಲಕ್ಷ್ಯ ಕೊಡಬೇಕು. ಸೊಲ್ಲಾಪುರಕ್ಕ ಹೋಗುವ ಗಾಡಿ ಫಲಾಟ ನಂಬರ ಎರಡಕ್ಕ ಬಂದದ..." ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಆ ಧ್ವನಿಯ ಬೆನ್ನಿಗೆ ಹೆಜ್ಜೆಯೂ ಬಿರುಸಾಯಿತು. ಹಾಲು ಹಾಕುವವರು ಸೈಕಲ್ಲಿನಿಂದ ಇಳಿದು ನಿಂತು ನೋಡಿದರು. ಗೋದೂಬಾಯಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಗಂಡ ನಡೆಯುತ್ತಿದ್ದರಲ್ಲ! ಎರಡೇ ವಾರದಲ್ಲಿ ಅವರು ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದರು, ಮಧ್ಯಾಹ್ನ ಕುರ್ಚಿಯಲ್ಲಿ ಕುಳಿತರು. ಸೊಸೆ ಮುಕ್ತಾ, "ಅತ್ತಿ, ಮಾವಾರ ಮಾರಿ ಮ್ಯಾಲ ಅಗದಿ ಕಳಾ ಬಂದದ ನೋಡ್ರಿ," ಎಂದಳು.

ವಿಜ್ಞಾನ ಹೀಗೆ ಗೆಲ್ಲುತ್ತಿರುವಾಗ ಅನಾಹುತವಾಯಿತು.

ಸಪಾಟಾದ ರಸ್ತೆ ಇದ್ದದ್ದು ಎಸ್.ಟಿ. ಸ್ಟ್ಯಾಂಡಿನ ಕಡೆ, ಅವರ ಕಾಲಿಗೆ ಗೊತ್ತಿದ್ದದ್ದೂ ಅದೊಂದೇ ದಿಕ್ಕು. ಆ ದಿನ ಚಂದ್ರಶೇಖರಪ್ಪನವರಿಗೆ ತಮ್ಮ ಉಸಿರನ್ನು ಪರೀಕ್ಷಿಸುವ ಹುಕಿ ಬಂತು. ನೌಕರಿಯಲ್ಲಿ ತಾವು ಕೂಗಿದ್ದ ಅತಿ ಉದ್ದದ ಪ್ರಕಟಣೆಯನ್ನು ಆರಿಸಿಕೊಂಡರು. ಸ್ಟ್ಯಾಂಡಿನ ಬಾಗಿಲ ಮುಂದೆ, ತುಂಬು ವೇಗದಲ್ಲಿ, ಒಂದೂ ಶಬ್ದ ಕಡಿಯದೆ ಹೇಳಿ ಮುಗಿಸಿದರು:

"ಪ್ರಯಾಣಿಕರು ಲಕ್ಷ್ಯ ಕೊಡಬೇಕು. ಕುಂಭಾರಿ ಹತ್ತಿರ ಹಳ್ಳಕ್ಕ ಪೂರ ಬಂದಿದ್ದರಿಂದ ಸೊಲ್ಲಾಪುರಕ್ಕ ಹೋಗುವ ಎಲ್ಲಾ ಗಾಡಿ ಮುಂದಿನ ಸೂಚನಾ ಬರೂತನಕ ರದ್ದ ಮಾಡ್ಯಾರ!"

ತಿಂಗಳು ಮೇ. ಪ್ರವಾಹದ ಮಾತಿರಲಿ, ಹಳ್ಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಆದರೆ ಆ ಧ್ವನಿಯನ್ನು ಅಕ್ಕಲಕೋಟದ ಜನ ಮೂರು ದಶಕ ನಂಬಿದ್ದರು. ಹೊರಡಲು ನಿಂತಿದ್ದ ಗಾಡಿಯಿಂದ ಬುತ್ತಿ, ಟ್ರಂಕು, ಕೂಸುಗಳ ಸಮೇತ ಎಲ್ಲರೂ ದಬದಬನೆ ಇಳಿದರು. ಬೀಗರ ಮನೆಗೆ ಹೊರಟಿದ್ದ ತಂಡವೊಂದು ಬುಟ್ಟಿ ತುಂಬ ಕಟ್ಟಿದ್ದ ಹೋಳಿಗೆಯನ್ನು ಅಲ್ಲೇ ಹಂಚತೊಡಗಿತು. ಚಹಾ ಕುಡಿದು ಬಂದ ಡ್ರೈವರ್ ಹಿಂದೆ ತಿರುಗಿ ನೋಡದೆ ಹೊತ್ತಿಗೆ ಸರಿಯಾಗಿ ಗಾಡಿ ಬಿಟ್ಟ. ಕಂಡಕ್ಟರ್ ಖಂಡಪ್ಪ ಖಾಲಿ ಸೀಟುಗಳ ನಡುವೆ ನಿಂತು ಬೆಲ್ ಹೊಡೆಯುವುದೋ ಬಾಯಿ ಬಡಿದುಕೊಳ್ಳುವುದೋ ತಿಳಿಯದೆ ಹೋದ.

ನಿಜ ಬಯಲಾದಾಗ ಚಂದ್ರಶೇಖರಪ್ಪ ತಿರುವು ದಾಟಿದ್ದರು. ಸಿಕ್ಕಿದ್ದು ನಾಲ್ಕು ಮಾರು ಹಿಂದಿದ್ದ ಗೋದೂಬಾಯಿ.

"ಏನ್ರೀ ಬಾಯಾರ, ಎಲ್ಲದರೀ ಪೂರ?" ಎಂದು ಬೀಗಿತ್ತಿಯೊಬ್ಬಳು ಸೊಂಟಕ್ಕೆ ಕೈ ಕೊಟ್ಟಳು.

"ಡಾಕ್ಟರ ಮಾತಾಡಾಕ ಹೇಳ್ಯಾರ್ರಿ," ಎಂದರು ಗೋದೂಬಾಯಿ.

"ಸುಳ್ಳ ಮಾತಾಡಾಕ ಹೇಳ್ಯಾರೇನು?"

ಸಂಜೆ ಈಗಿನ ಕಂಟ್ರೋಲರ್ ಮನೆಗೇ ಬಂದ. "ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ. ಸ್ಟ್ಯಾಂಡ್ ಕಡೆ ಬರಬ್ಯಾಡ್ರಿ. ಬಂದ್ರೂ ಬಾಯಿ ಬಿಡಬ್ಯಾಡ್ರಿ."

ಮರುದಿನ ಚಂದ್ರಶೇಖರಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಅದರ ಮರುದಿನವೂ. ಬೂಟು ತಂದರೆ ಕಾಲು ಮಡಚಿಕೊಂಡರು. ಗೋದೂಬಾಯಿಗೆ ಸಿಟ್ಟು ಬಂತು, ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಹಾಸಿಗೆಯಲ್ಲಿ ಕಳೆದುಕೊಂಡ ಕಾಲು ತಿರುಗಿ ಸಿಗುವುದು ಕಠಿಣ ಎಂದಿದ್ದರಲ್ಲ ಡಾಕ್ಟರು.

"ಮಲಗ್ರಿ! ನಾ ಒಬ್ಬಾಕೀನ ಸೊಲ್ಲಾಪುರಕ್ಕ ಹೋಗಿ ಡಾಕ್ಟರಿಗಿ ಹೇಳಿ ಬರ್ತೀನಿ. ಆರೂ ಹತ್ತರ ಗಾಡಿಗಿ ಹೋಗಾಕಿ."

ಹಾಸಿಗೆ ಅಲುಗಿತು. "ಆರೂ ಹತ್ತಕ್ಕ ಯಾವ ಗಾಡಿನೂ ಇಲ್ಲ."

"ಅದರಿ. ಮೊದಲಿಂದ ಅದ."

"ಮೊದಲಿಂದ!" ಚಂದ್ರಶೇಖರಪ್ಪ ಎದ್ದೇ ಕುಳಿತರು. "ಕಂಟ್ರೋಲರ್ ಹೆಂಡತಿ ಆಗಿ ಒಂದರ ಗಾಡಿ ಟೈಮ ಗೊತ್ತೇನು ನಿನಗ? ಐದೂ ಐವತ್ತೈದು! ತಗೊಂಡ ಬಾ ಆ ಬೂಟ! ಇಂಥಾವು ಎಷ್ಟ ನುಂಗಿಕೊಂಡೀನಿ ನಾ..."

(ಇದನ್ನು ಗೋದೂಬಾಯಿಯ ಉಪಾಯವೆಂದು ಓಣಿಯ ಉಮಾಬಾಯಿ ಹೊಗಳಿದ್ದುಂಟು. ಉಪಾಯವಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.)

ಅವತ್ತು ಸ್ಟ್ಯಾಂಡಿಗೆ ಬೆನ್ನು ಮಾಡಿ, ಹೊಲಗಳ ಕಡೆಯ ರಸ್ತೆ ಹಿಡಿದರು. ಮಾತಿಗೆ ಈಗ ಬರವಿರಲಿಲ್ಲ. ನುಂಗಿಕೊಂಡಿದ್ದನ್ನೆಲ್ಲ ಚಂದ್ರಶೇಖರಪ್ಪ ಹೊರಗೆ ತೆಗೆಯತೊಡಗಿದರು, ಅದೂ ಟೈಮ್‌ಟೇಬಲ್ಲಿನ ಕ್ರಮದಲ್ಲಿ, ಒಂದು ಬೆಳಗಿಗೆ ಒಂದು ತಕರಾರು. ಹೊಸ ಛತ್ರಿಯನ್ನು ಗೋದೂಬಾಯಿ ತವರಿನ ತಮ್ಮ ಕಾಮಣ್ಣನಿಗೆ ಕೊಟ್ಟು "ಗಾಳಿಗಿ ಹಾರಿತು" ಎಂದಿದ್ದು ಒಂದು ದಿನ. ಗಂಡನ ಗೊರಕೆಯನ್ನು ಆಕೆ ಮದುವೆ ಮನೆಯಲ್ಲಿ ಅಣಕ ಮಾಡಿ ತೋರಿಸಿದ್ದು ಇನ್ನೊಂದು ದಿನ. ಮೂರನೆಯದು ಮರ್ಮಕ್ಕೇ ತಾಗಿತು.

"ದಿನಾ ಡಬ್ಬಿಗಿ ಶೇಂಗಾ ಹಿಂಡಿ ಹಾಕ್ತಿದ್ದಿ. ನನಗ ಅದು ಸೇರಂಗಿಲ್ಲ. ಖಂಡಪ್ಪ ತಿಂತಿದ್ದ!"

ಓಣಿಗೆಲ್ಲ ಹೆಸರಾದ ಹಿಂಡಿ, ಗೋದೂಬಾಯಿಯ ಕೈಯ ಚಟ್ನಿಪುಡಿ! ಉತ್ತರ ಕೊಡಲೇಬೇಕಿತ್ತು. ನಾಲ್ಕು ಮಾರಿನ ಪದ್ಧತಿಯನ್ನು ಅಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಗೋದೂಬಾಯಿ ಮುಂದೆ ನುಗ್ಗಿದರು. ಗಂಡನ ಸರಿಸಮಕ್ಕೆ ಬಂದರು. ಬಾಯಿ ತೆರೆದರು. ಬಂದದ್ದು ಬರೀ ಉಸಿರು.

"ಹೂಂ?" ಎಂದರು ಚಂದ್ರಶೇಖರಪ್ಪ, ವೇಗ ತಗ್ಗಿಸದೆ.

ಅಂದಿನಿಂದ ಅದೇ ನಡೆಯಿತು. ಅವರು ಮಾತಾಡುವರು, ಇವರು ಏದುವರು.

ತಪಾಸಣೆಯ ದಿನ ಡಾಕ್ಟರು ಚಂದ್ರಶೇಖರಪ್ಪನವರನ್ನು ಉದ್ದನೆಯ ವರಾಂಡದಲ್ಲಿ ನಡೆಸಿ ನೋಡಿ ಖುಷಿಪಟ್ಟರು. ಬ್ಯಾನಿ ಇದ್ದಲ್ಲೇ ಇದೆ, ಕಾಲು ಮಾತ್ರ ಗಟ್ಟಿಯಾಗಿದೆ ಎಂದರು. ಇನ್ನೆಷ್ಟು ವರ್ಷ ಎಂಬುದನ್ನು ಅವರು ಹೇಳಲಿಲ್ಲ, ಇವರಿಬ್ಬರೂ ಕೇಳಲಿಲ್ಲ. ಗೋದೂಬಾಯಿ ಕೇಳಿದ್ದು ಬೇರೆ.

"ನಡೀಲ್ರಿ, ನಾ ಬ್ಯಾಡ ಅನ್ನಂಗಿಲ್ಲ. ಬಾಯಿ ಅಷ್ಟ ಬಂದ್ ಮಾಡಸ್ರಿ! ದಿನಾ ಒಂದು ತಕರಾರು, ಒಂದಕ್ಕೂ ಉತ್ತರಾ ಕೊಡಾಕ ಬಿಡವಲ್ರು."

"ನಿಮಗ ಉತ್ತರಾ ಕೊಡಾಕ ಆಗಂಗಿಲ್ಲ ಅಂದ್ರ, ಅಮ್ಮಾ, ವಾಕಿಂಗ್ ಕಮ್ಮಿ ಬಿದ್ದಿದ್ದು ನಿಮಗ," ಎಂದರು ಡಾಕ್ಟರು. ಮತ್ತೆ ಚಂದ್ರಶೇಖರಪ್ಪನವರತ್ತ ತಿರುಗಿ, "ಸಾಹೇಬ್ರ, ದಿನಕ್ಕ ಒಂದರಂಗ ಹೇಳಿದ್ರ, ಇನ್ನ ಎಷ್ಟು ಬಾಕಿ ಅದಾವ?"

ಹತ್ತೋ ಹದಿನೈದೋ ಇದ್ದಾವು, ಈ ತಿಂಗಳಿಗೆ ಪೀಡೆ ಮುಗಿದೀತು ಎಂದು ಗೋದೂಬಾಯಿ ಗಂಡನ ಮುಖ ನೋಡಿದರು. ಚಂದ್ರಶೇಖರಪ್ಪ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೂಡಿ ನೋಡಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, ವರಾಂಡದ ಕೊನೆಯ ಬೆಂಚಿನವರೂ ತಲೆಯೆತ್ತುವಂತೆ, ಉಸಿರು ಕಡಿಯದೆ ಹೇಳಿದರು:

"ನಾಲ್ಕು ಸಾವಿರದ ಎರಡುನೂರಾ ಹದಿನಾರು."